ಓದುವ ಯಂತ್ರ ಇಲ್ಲವಾದಾಗ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10 ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹಳೆಯ ಗಣಕವನ್ನು ಬದಲಿಸಬೇಕೇ ಬೇಡವೇ ಎಂಬ ಗ್ರಾಹಕರ ಚಿಂತೆಯಾಗಿ ಈ ಸುದ್ದಿ ಬಂದು ಹೋಯಿತು. ಆದರೆ ಅದರೊಳಗೆ ಇನ್ನೊಂದು ಸಂಗತಿ ಅಡಗಿತ್ತು. 32 ಬಿಟ್ ರೂಪದಲ್ಲಿಯೂ ದೊರೆಯುತ್ತಿದ್ದ ವಿಂಡೋಸ್‌ನ ಕೊನೆಯ ತಲೆಮಾರು ಅದು. 2021ರಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್ ಯಂತ್ರಗಳಿಗೆ ಮೀಸಲಾಗಿದೆ. ಡಾಸ್ ಮತ್ತು ವಿಂಡೋಸ್ 3.1ರ ಕಾಲದ 16 ಬಿಟ್ ತಂತ್ರಾಂಶಗಳು ಬೇರೆ ಊರುಗೋಲಿಲ್ಲದೆ ನಡೆಯುತ್ತಿದ್ದುದು 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ. ಹೀಗಾಗಿ ಒಂದು ಇಡೀ ಯುಗದ ತಂತ್ರಾಂಶಕ್ಕೆ ಅಂದು ಕೊನೆಯ ಕದವೂ ಮುಚ್ಚಿದಂತಾಯಿತು.

ಕನ್ನಡ ಅಧ್ಯಯನಕ್ಕೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದುದು. ಸುಮಾರು 1990ರಿಂದ 2010ರವರೆಗಿನ ಎರಡು ದಶಕಗಳಲ್ಲಿ ಕನ್ನಡದಲ್ಲಿ ಬೆರಳಚ್ಚಾದ ಸಂಶೋಧನ ಪ್ರಬಂಧಗಳು, ನಿಘಂಟುಗಳು, ಜಾನಪದ ಸಂಗ್ರಹಗಳು, ಸಂಪಾದಿತ ಕೃತಿಗಳು ಯಾವ ತಂತ್ರಾಂಶಗಳಲ್ಲಿ ರೂಪುಗೊಂಡವೋ ಆ ತಂತ್ರಾಂಶಗಳೇ ಇಂದು ನೆಲೆ ಕಳೆದುಕೊಳ್ಳುತ್ತಿವೆ. ಅಚ್ಚಾದ ಪುಸ್ತಕ ಕಪಾಟಿನಲ್ಲಿದೆ. ಅಚ್ಚಾಗದೆ ಉಳಿದದ್ದರ ಗತಿಯೇನು ಎಂಬುದು ಇಲ್ಲಿನ ಪ್ರಶ್ನೆ.

ಗಣಕಯಂತ್ರದ ಹೃದಯವಾದ ಪ್ರೊಸೆಸರ್ ತನ್ನದೇ ಆದ ಒಂದು ಸೀಮಿತ ಆದೇಶಸಮೂಹವನ್ನು ಮಾತ್ರ ಬಲ್ಲದು. ಈ ಆದೇಶಸಮೂಹ ಹಾಗೂ ಅದರ ಹಿಂದಿನ ಅಳತೆ, ಲೆಕ್ಕಾಚಾರಗಳ ಒಟ್ಟು ವಿನ್ಯಾಸವನ್ನೇ ಆರ್ಕಿಟೆಕ್ಚರ್ ಎನ್ನುವುದು. ಇಂಟೆಲ್ ಸಂಸ್ಥೆಯ 8086 ಪ್ರೊಸೆಸರ್ 1978ರಲ್ಲಿ ಬಂದಾಗ ಅದು 16 ಬಿಟ್‌ನ ಅಳತೆಗೋಲನ್ನು ಹಿಡಿದಿತ್ತು. ಆ ಅಳತೆಯಲ್ಲಿ ಒಂದು ಸಂಖ್ಯೆಗೆ ಸಾಧ್ಯವಿರುವ ಬೆಲೆಗಳು 65,536. 1985ರ 80386 ಪ್ರೊಸೆಸರ್‌ನಿಂದ ಅಳತೆ 32 ಬಿಟ್‌ಗೆ ಏರಿತು, ಬೆಲೆಗಳು 4,294,967,296 ಆದವು. 2003ರಲ್ಲಿ ಎಎಮ್‌ಡಿ ಸಂಸ್ಥೆ ಇದೇ ಮನೆತನವನ್ನು 64 ಬಿಟ್‌ಗೆ ವಿಸ್ತರಿಸಿತು. ಒಂದು ಅಳತೆಗೆ ಬರೆದ ತಂತ್ರಾಂಶ ಇನ್ನೊಂದು ಅಳತೆಯ ಯಂತ್ರದಲ್ಲಿ ನಡೆಯಬೇಕಾದರೆ ನಡುವೆ ಯಾರಾದರೂ ನಿಂತು ನಡೆಸಿಕೊಡಬೇಕು. ಹಾಗೆ ನಿಲ್ಲುವುದು ಕಾರ್ಯಾಚರಣೆ ವ್ಯವಸ್ಥೆ. ಹಳಗನ್ನಡ ಕಾವ್ಯಕ್ಕೂ ಇಂದಿನ ಓದುಗನಿಗೂ ನಡುವೆ ಟೀಕಾಕಾರ ನಿಂತಂತೆ ಎಂದರೆ ಹೋಲಿಕೆ ತೀರ ದೂರದ್ದಾಗಲಾರದು. ವ್ಯತ್ಯಾಸ ಒಂದೇ: ಟೀಕಾಕಾರ ತೀರಿಕೊಂಡರೂ ಟೀಕೆ ಉಳಿಯುತ್ತದೆ, ಕಾರ್ಯಾಚರಣೆ ವ್ಯವಸ್ಥೆ ಹಿಂದೆ ಸರಿದರೆ ನಡುವಣ ಸೇತುವೆಯೇ ಇರುವುದಿಲ್ಲ.

ಹಿಂದೆ ಸರಿಯುವುದಕ್ಕೆ ಕಾರಣಗಳು ಇಲ್ಲವೆಂದಲ್ಲ. ಹಳೆಯ ವಿನ್ಯಾಸವನ್ನು ಉಳಿಸಿಕೊಳ್ಳುವುದೆಂದರೆ ಪ್ರತಿಯೊಂದು ಬದಲಾವಣೆಯನ್ನೂ ಎರಡು ಬಾರಿ ಪರೀಕ್ಷಿಸಬೇಕು, ಹಳೆಯ ರಂಧ್ರಗಳನ್ನು ಹೊಸ ಗೋಡೆಯಲ್ಲಿಯೂ ಕಾಯಬೇಕು. 1970ರಿಂದ ಕಳೆದ ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುವ ತಂತ್ರಾಂಶಗಳ ಲೆಕ್ಕ 2038ರ ಜನವರಿ 19ಕ್ಕೆ ತುಂಬಿ ಹಿಂದಕ್ಕೆ ಉರುಳುತ್ತದೆ ಎಂಬುದೂ ಅವಸರದ ಒಂದು ಕಾರಣ. ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆಯೂ ಇದಕ್ಕೆ ಹೊರತಲ್ಲ. 1991ರಲ್ಲಿ ಲಿನುಸ್ ಟೋರ್ವಾಲ್ಡ್ಸ್ ಅದನ್ನು ಬರೆಯತೊಡಗಿದ್ದೇ 386 ಯಂತ್ರದ ಮೇಲೆ. ಆ 386ರ ಬೆಂಬಲವನ್ನು 2012ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕೈಬಿಟ್ಟಿತು. ಹುಟ್ಟಿದ ಮನೆಯನ್ನು ಮಾರಿದಂತೆ! 2025ರ ಆಗಸ್ಟ್‌ನಲ್ಲಿ ಹೊರಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಅನುಸ್ಥಾಪನೆಯ ಸೌಲಭ್ಯವೇ ಇಲ್ಲ.

ಆಪಲ್ ಸಂಸ್ಥೆಯ ಚರಿತ್ರೆ ಈ ದೃಷ್ಟಿಯಿಂದ ಇನ್ನಷ್ಟು ಕುತೂಹಲಕರವಾದುದು. ಮೂರು ಬಾರಿ ಅದು ತನ್ನ ಗಣಕಗಳ ಮೂಲ ವಿನ್ಯಾಸವನ್ನೇ ಬದಲಿಸಿದೆ. ಪವರ್‌ಪಿಸಿ ವಿನ್ಯಾಸದಿಂದ ಇಂಟೆಲ್‌ಗೆ 2006ರಲ್ಲಿ ಬಂದಾಗ ಹಳೆಯ ತಂತ್ರಾಂಶಗಳನ್ನು ಹೊಸ ಯಂತ್ರದ ಭಾಷೆಗೆ ಸ್ಥಳದಲ್ಲಿಯೇ ಅನುವಾದಿಸುವ ಒಂದು ಸೌಲಭ್ಯವನ್ನು ಒದಗಿಸಿ ಅದಕ್ಕೆ ರೊಸೆಟಾ ಎಂದು ಹೆಸರಿಟ್ಟಿತು. ಈಜಿಪ್ಟಿನ ರೊಸೆಟಾ ಶಾಸನ ಒಂದೇ ಪಠ್ಯವನ್ನು ಮೂರು ಲಿಪಿಗಳಲ್ಲಿ ಹೊತ್ತು ಸುಮಾರು ಎರಡು ಸಾವಿರ ವರ್ಷ ಕಾದಿತ್ತು. 1799ರಲ್ಲಿ ದೊರೆತ ಆ ಕಲ್ಲಿನಿಂದಲೇ ಶಾಂಪೋಲಿಯನ್ 1822ರಲ್ಲಿ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದ. ಆಪಲ್‌ನ ರೊಸೆಟಾ ಐದು ವರ್ಷ ಬಾಳಿತು. 2011ರ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಲಾಯಿತು. 2019ರ ಕ್ಯಾಟಲೀನಾ ಆವೃತ್ತಿ 32 ಬಿಟ್ ತಂತ್ರಾಂಶಗಳನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು. 2020ರಲ್ಲಿ ಆಪಲ್ ತನ್ನದೇ ಪ್ರೊಸೆಸರ್‌ಗೆ ಹೊರಳಿದಾಗ ಎರಡನೆಯ ರೊಸೆಟಾ ಬಂತು. ಅದನ್ನೂ ಮ್ಯಾಕ್ ಓಎಸ್ 27ರವರೆಗೆ ಮಾತ್ರ ಪೂರ್ಣವಾಗಿ ಉಳಿಸಿ, ಬಳಿಕ ಹಳೆಯ ಕೆಲವು ಆಟಗಳಿಗೆ ಬೇಕಾಗುವಷ್ಟು ಭಾಗವನ್ನು ಇಟ್ಟುಕೊಳ್ಳುವುದಾಗಿ 2025ರ ಜೂನ್‌ನಲ್ಲಿ ಸಂಸ್ಥೆ ಪ್ರಕಟಿಸಿತು.

ಆಟಗಳಿಗೆ ಎಂಬ ಮಾತು ಗಮನಾರ್ಹವಾದುದು. ಯಾವ ಹಳತು ಉಳಿಯಬೇಕು ಎಂಬುದನ್ನು ತಂತ್ರಜ್ಞಾನ ಒಂದೇ ನಿರ್ಧರಿಸುವುದಿಲ್ಲ. ಐಬಿಎಮ್ 1964ರಲ್ಲಿ ಪ್ರಕಟಿಸಿದ ಸಿಸ್ಟಮ್ 360 ಗಣಕಕ್ಕೆ ಬರೆದ ತಂತ್ರಾಂಶಗಳು ಅದರ ಇಂದಿನ ಮೇನ್‌ಫ್ರೇಮ್‌ಗಳಲ್ಲಿಯೂ ನಡೆಯಬಲ್ಲವು, ಏಕೆಂದರೆ ಅವುಗಳನ್ನು ಬಳಸುವವರು ಬ್ಯಾಂಕುಗಳು. ವಿಂಡೋಸ್ 95 ಸಿದ್ಧವಾಗುತ್ತಿದ್ದಾಗ ಸಿಮ್‌ಸಿಟಿ ಎಂಬ ಜನಪ್ರಿಯ ಆಟದಲ್ಲಿದ್ದ ದೋಷವೊಂದನ್ನು ಸಹಿಸಿಕೊಳ್ಳಲು ವ್ಯವಸ್ಥೆಯೊಳಗೇ ವಿಶೇಷ ಏರ್ಪಾಡು ಮಾಡಲಾಯಿತೆಂಬ ಕಥನ ತಂತ್ರಜ್ಞರ ನಡುವೆ ಪ್ರಸಿದ್ಧವಾಗಿದೆ. 2019ರಲ್ಲಿ ಉಬುಂಟು 32 ಬಿಟ್ ಕಟ್ಟುಗಳನ್ನು ಪೂರ್ತಿ ಕೈಬಿಡುವುದಾಗಿ ಹೇಳಿದಾಗ ಆಟಗಾರರ ಮತ್ತು ಆಟ ಮಾರುವವರ ಪ್ರತಿಭಟನೆ ಎದ್ದಿತು. ಕೆಲವೇ ದಿನಗಳಲ್ಲಿ ನಿರ್ಧಾರ ಸಡಿಲವಾಯಿತು. ಹಣವುಳ್ಳವರ ಹಳತೂ ಗದ್ದಲ ಮಾಡಬಲ್ಲವರ ಹಳತೂ ಹೀಗೆ ಉಳಿಯುತ್ತವೆ. ಧಾರವಾಡದ ಓಣಿಯೊಂದರಲ್ಲಿಯೋ ಮೈಸೂರಿನ ಮಹಡಿಯೊಂದರಲ್ಲಿಯೋ ಡಿ.ಟಿ.ಪಿ. ಮಾಡುತ್ತಿದ್ದವರನ್ನು ಕೇಳಿ ಯಾವ ಕಾರ್ಯಾಚರಣೆ ವ್ಯವಸ್ಥೆಯೂ ತನ್ನ ಕದವನ್ನು ಮುಚ್ಚಲಿಲ್ಲ. ಕನ್ನಡಕ್ಕೆ ಒಂದು ಲೋಕಪ್ರಿಯ ಗಣಕ ಆಟವಾದರೂ ಇರಬೇಕಿತ್ತು ಎಂದು ವಿನೋದಕ್ಕೆ ಹೇಳಬಹುದು.

ಕನ್ನಡದ ಮಟ್ಟಿಗೆ ಸಮಸ್ಯೆ ಇನ್ನೊಂದು ಪದರ ಆಳದಲ್ಲಿದೆ. ಇಂಗ್ಲಿಷಿನ ಹಳೆಯ ಕಡತವೊಂದು ತನ್ನ ತಂತ್ರಾಂಶವನ್ನು ಕಳೆದುಕೊಂಡರೂ ಅದರೊಳಗಿನ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ. ಕನ್ನಡದ ಕಡತದಲ್ಲಿ ಇದ್ದುದು ಕನ್ನಡದ ಅಕ್ಷರಗಳೇ ಅಲ್ಲ. ಮೊದಮೊದಲು ಹೀಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಐಐಟಿ ಕಾನ್ಪುರದಲ್ಲಿ ಮೊಳೆತು ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದ ಕಾಲದಲ್ಲಿ ಭಾರತೀಯ ಭಾಷೆಗಳಿಗೆಲ್ಲ ಇಸ್ಕಿ ಎಂಬ ಒಂದೇ ಸಂಕೇತ ವ್ಯವಸ್ಥೆ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕವಾಯಿತು. ಅದು ಉಚ್ಚಾರಣೆಯ ಕ್ರಮವನ್ನು ಅನುಸರಿಸುವ ಸಂಕೇತ. ಯುನಿಕೋಡ್ ಭಾರತೀಯ ಲಿಪಿಗಳಿಗೆ ಸ್ಥಾನ ಕಲ್ಪಿಸುವಾಗ ಆಧರಿಸಿದ್ದೂ ಇಸ್ಕಿಯನ್ನೇ. ಆದ್ದರಿಂದ ಇಸ್ಕಿಯಲ್ಲಿ ಉಳಿದ ಪಠ್ಯವನ್ನು ಯುನಿಕೋಡ್‌ಗೆ ತರುವುದು ತಕ್ಕಮಟ್ಟಿಗೆ ಸುಲಭ. ವಿಚಿತ್ರವೆಂದರೆ ಹಳೆಯ ಪಠ್ಯವೇ ಹೊಸ ಪಠ್ಯಕ್ಕಿಂತ ಹೆಚ್ಚು ಸುರಕ್ಷಿತವಾಗಿದೆ.

ಡಿ.ಟಿ.ಪಿ. ಬಂದ ಮೇಲೆ ಆದದ್ದೇ ಬೇರೆ. ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಇಡಿಯಾಗಿ ಇಡಬೇಕೆಂದರೆ ಕನ್ನಡಕ್ಕೆ ಸಾವಿರಾರು ರೂಪಗಳು ಬೇಕು. ಅಂದಿನ ಫಾಂಟಿನಲ್ಲಿದ್ದ ಸ್ಥಾನಗಳು ಕೇವಲ 256, ಬಳಸಲು ಸಿಗುತ್ತಿದ್ದುದು ಅದಕ್ಕಿಂತ ಕಡಿಮೆ. ಹೀಗಾಗಿ ಅಕ್ಷರಗಳನ್ನು ತುಂಡುಗಳಾಗಿ ಒಡೆದು, ರೋಮನ್ ಅಕ್ಷರಗಳ ಸ್ಥಾನದಲ್ಲಿ ಆ ತುಂಡುಗಳನ್ನು ಕೂರಿಸಿ, ತೆರೆಯ ಮೇಲೆ ಜೋಡಿಸಿ ತೋರಿಸುವ ಉಪಾಯವನ್ನು ಎಲ್ಲರೂ ಹಿಡಿದರು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಹೀಗೆ ಒಬ್ಬೊಬ್ಬರದು ಒಂದೊಂದು ಕ್ರಮ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವು ಕನ್ನಡವನ್ನು ಸಾಮಾನ್ಯರ ಬೆರಳಿಗೆ ತಂದುಕೊಟ್ಟವು. ಆ ಉಪಕಾರವನ್ನು ಎಷ್ಟು ಹೇಳಿದರೂ ಕಡಿಮೆಯೇ. ಆದರೂ ಬರಹ, ನುಡಿಗಳ ಮೊದಲ ಕಾಲದ ಪಠ್ಯವೂ ತುಂಡುಗಳ ಪಠ್ಯವೇ. ಫಾಂಟು ಇಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ತಲೆಯ ಮೇಲೆ ಗೀಟು, ಚುಕ್ಕಿ, ಟೋಪಿ ಹೊತ್ತ ರೋಮನ್ ಅಕ್ಷರಗಳ ಸಂತೆ ಕಾಣಿಸುತ್ತದೆ. ಅದನ್ನು ಕಂಡಿರದ ಕನ್ನಡ ಅಧ್ಯಾಪಕರು ವಿರಳ.

ಇನ್ನು ತಂತ್ರಾಂಶದ ಕಡೆಗೆ ಬಂದರೆ, ವೃತ್ತಿಪರ ಅಕ್ಷರ ತಂತ್ರಾಂಶಗಳಲ್ಲಿ ಹಲವು ಬೀಗದೊಡನೆ ಬರುತ್ತಿದ್ದವು. ಪ್ರಿಂಟರು ಸೇರಿಸುವ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೆರಳುದ್ದದ ವಸ್ತುವದು. ಅದಿಲ್ಲದಿದ್ದರೆ ತಂತ್ರಾಂಶ ತೆರೆಯುವುದಿಲ್ಲ. ಇಂದಿನ ಯಂತ್ರಗಳಲ್ಲಿ ಆ ಪೋರ್ಟೇ ಇಲ್ಲ. ಇದ್ದರೂ ಪ್ರಯೋಜನ ಅಷ್ಟಕ್ಕಷ್ಟೆ. 64 ಬಿಟ್ ವಿಂಡೋಸ್ 32 ಬಿಟ್ ತಂತ್ರಾಂಶವನ್ನು ನಡೆಸಿಕೊಡುತ್ತದೆ, ಆದರೆ ಯಂತ್ರಾಂಶದೊಡನೆ ಮಾತನಾಡುವ 32 ಬಿಟ್ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂದರೆ ತಂತ್ರಾಂಶ ಜೀವಂತವಾಗಿದ್ದು ಅದರ ಬೀಗದ ಕೈ ಸತ್ತಿರುತ್ತದೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವೈಚಿತ್ರ್ಯವೂ ಉಂಟು. 1990ರ ದಶಕದ ಎಷ್ಟೋ ತಂತ್ರಾಂಶಗಳು ತಾವು 32 ಬಿಟ್‌ನವಾಗಿದ್ದರೂ ಅವುಗಳನ್ನು ಯಂತ್ರಕ್ಕೆ ಹಾಕುವ ಅನುಸ್ಥಾಪಕ 16 ಬಿಟ್‌ನದಾಗಿತ್ತು. ಒಳಗೆ ಬಂದರೆ ಬದುಕಬಲ್ಲವು, ಒಳಗೆ ಬರುವ ದಾರಿಯೇ ಇಲ್ಲ. ಕನ್ನಡದ ಪುಸ್ತಕಗಳ ಪುಟವಿನ್ಯಾಸ ನಡೆಯುತ್ತಿದ್ದ ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ 2001ರದು. ಅದರ ಕಡತಗಳನ್ನು ಅಡೋಬಿಯ ಇನ್‌ಡಿಸೈನ್ ಸಿಎಸ್6ರವರೆಗೆ ತೆರೆಯಬಹುದಿತ್ತು. 2013ರಲ್ಲಿ ಇನ್‌ಡಿಸೈನ್ 64 ಬಿಟ್ ಆಗಿ ಸಿಸಿ ಎಂಬ ಹೊಸ ಹೆಸರಿನಲ್ಲಿ ಬಂದಾಗ ಆ ಸೌಲಭ್ಯ ಅದರೊಡನೆ ಬರಲಿಲ್ಲ. ಟೈಪ್ 1 ಎಂಬ ಹಳೆಯ ಬಗೆಯ ಫಾಂಟುಗಳಿಗೆ ಅಡೋಬಿ ತಂತ್ರಾಂಶಗಳ ಬೆಂಬಲ 2023ರ ಜನವರಿಯಲ್ಲಿ ಮುಗಿಯಿತು.

ಇವೆಲ್ಲ ಒಬ್ಬ ವ್ಯಕ್ತಿಯ ದುಡಿಮೆಯ ಮೇಲೆ ಬಂದು ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನ ಕಾಲೇಜೊಂದರಿಂದ ನಿವೃತ್ತರಾದ ಅಧ್ಯಾಪಕರೊಬ್ಬರ ಉದಾಹರಣೆಯನ್ನು ನೋಡಬಹುದು. ಅಡಕೆ ತೋಟದ ಕಸುಬಿಗೆ ಸಂಬಂಧಿಸಿದ ಪದಗಳನ್ನು ಅವರು ಹತ್ತು ವರ್ಷ ಕಲೆಹಾಕಿದ್ದರು. ಕೊನೆಗಾರ, ಕೊಟ್ಟೆ, ಹಾಳೆ, ಚೊಗರು, ಮೆಟ್ಟುಗತ್ತಿ, ಬೆಟ್ಟೆ, ಗೊರಬಲು ಮುಂತಾಗಿ ಮೂರು ಸಾವಿರಕ್ಕೂ ಮಿಕ್ಕ ಪದಗಳು, ಒಂದೊಂದಕ್ಕೂ ಊರು, ಹೇಳಿದವರ ವಯಸ್ಸು, ಉಚ್ಚಾರಣೆ. ಎಕಾರದ ವಿವೃತ ಉಚ್ಚಾರಣೆಯನ್ನು ತೋರಿಸುವುದಕ್ಕೆ ಅಕ್ಷರದ ಕೆಳಗೊಂದು ಚುಕ್ಕಿ ಬೇಕೆಂದು ಪೇಟೆಯ ಡಿ.ಟಿ.ಪಿ.ಯವನಿಂದ ಫಾಂಟಿನ ಖಾಲಿ ಸ್ಥಾನದಲ್ಲಿ ಚುಕ್ಕಿಯನ್ನು ಬರೆಸಿಕೊಂಡಿದ್ದರು. ಬೆರಳಚ್ಚು ಮುಗಿದ ಮೇಲೆ ಚೀಟಿಗಳ ಕಟ್ಟುಗಳಿಗೆ ಗೆದ್ದಲು ಹತ್ತತೊಡಗಿತ್ತು. ಹೇಗೂ ಎಲ್ಲ ಕಂಪ್ಯೂಟರಿನಲ್ಲಿದೆಯಲ್ಲ ಎಂಬ ಧೈರ್ಯದಿಂದ ಅವು ಬಚ್ಚಲೊಲೆಗೆ ಹೋದವು. ಪ್ರಕಟಣೆಯ ಮಾತು ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಒಂದು ಮಳೆಗಾಲದಲ್ಲಿ ವಿಂಡೋಸ್ 98ರ ಆ ಯಂತ್ರ ಹೊತ್ತಿಕೊಳ್ಳಲಿಲ್ಲ.

ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇತ್ತು. ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ತಂತ್ರಾಂಶ ತೆರೆಯಲಿಲ್ಲ, ಡಾಂಗಲ್ ಸಿಕ್ಕಿಸಲು ಜಾಗವಿರಲಿಲ್ಲ. ಬೆಂಗಳೂರಿನಲ್ಲಿದ್ದ ಅವರ ಹಳೆಯ ವಿದ್ಯಾರ್ಥಿ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ಹಳೆಯ ಬಗೆಯ ಪವರ್ ಸಪ್ಲೈ ತಂದು ಯಂತ್ರವನ್ನು ಎಬ್ಬಿಸಿದ, ಪಠ್ಯವನ್ನು ಹೊರತೆಗೆದ, ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟ. ಪದಗಳೆಲ್ಲ ಯುನಿಕೋಡಿನಲ್ಲಿ ಬಂದವು.

“ಸರ್, ಎಲ್ಲಾ ಬಂದಿದೆ. ಆ ಚುಕ್ಕಿ ಒಂದು ಬಂದಿಲ್ಲ ನೋಡಿ,” ಎಂದ ವಿದ್ಯಾರ್ಥಿ.

“ಆ ಚುಕ್ಕಿಗೋಸ್ಕರವೇ ಮಾರಾಯ ನಾನು ಹತ್ತು ವರ್ಷ ತೋಟ ತೋಟ ತಿರುಗಿದ್ದು,” ಎಂದರು ಮೇಷ್ಟರು.

ಪರಿವರ್ತಕಕ್ಕೆ ಆ ಸ್ಥಾನದಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅದು ಸದ್ದಿಲ್ಲದೆ ಬಿಟ್ಟಿತ್ತು. ಮೊದಲ ಕೆಲವು ಅಕ್ಷರಗಳ ಮುದ್ರಿತ ಕರಡು ಸಿಕ್ಕಿದ್ದರಿಂದ ಅಷ್ಟು ಭಾಗದ ಚುಕ್ಕಿಗಳು ಮರಳಿದವು. ಉಳಿದ ಪದಗಳನ್ನು ಅಧ್ಯಾಪಕರು ಒಂದೊಂದಾಗಿ ಬಾಯಲ್ಲಿ ಅಂದು ನೋಡಿ ಮತ್ತೆ ಗುರುತು ಹಾಕುತ್ತ ಬಂದರು. ಅರ್ಧ ದಾಟುವ ಹೊತ್ತಿಗೆ, ಇದು ಸಾಗರದ ಕಡೆಯ ಉಚ್ಚಾರಣೆಯೋ ತಮ್ಮ ಬಾಯಿಯದೋ ಎಂದು ಅವರಿಗೇ ಅನುಮಾನ ಬರತೊಡಗಿತು. ಮರ ಹತ್ತುವ ಕೊನೆಗಾರರ ಬದಲು ನೆಲದಲ್ಲಿ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಕೊನೆ ಇಳಿಸುವ ಕ್ರಮ ಹಬ್ಬುತ್ತಿರುವ ಈ ಕಾಲದಲ್ಲಿ ಮತ್ತೆ ಹೋಗಿ ಕೇಳೋಣವೆಂದರೆ ಹೇಳುವವರೂ ಕಡಿಮೆ.

ಚುಕ್ಕಿಯ ವಿಷಯ ವಿಶೇಷವಾದುದಾದರೂ ಪರಿವರ್ತನೆಯ ದೋಷಗಳು ಸಾಮಾನ್ಯವಾದವು, ಅವುಗಳಿಗೆ ಒಂದು ವ್ಯಾಕರಣವೂ ಇದೆ. ಅರ್ಕಾವೊತ್ತನ್ನು ತೆಗೆದುಕೊಳ್ಳಬಹುದು. ‘ಧರ್ಮ’ ಎಂಬಲ್ಲಿ ರೇಫದ ಉಚ್ಚಾರಣೆ ಮಕಾರಕ್ಕಿಂತ ಮೊದಲು, ಬರವಣಿಗೆಯಲ್ಲಿ ಅದರ ಗುರುತು ಮಕಾರದ ಬಳಿಕ. ಇಸ್ಕಿ, ಯುನಿಕೋಡ್‌ಗಳು ಉಚ್ಚಾರಣೆಯ ಕ್ರಮವನ್ನು ಹಿಡಿದರೆ ತುಂಡುಗಳ ಪಠ್ಯ ಕಣ್ಣಿನ ಕ್ರಮವನ್ನು ಹಿಡಿಯಿತು. ಪರಿವರ್ತಕ ಆ ಗುರುತನ್ನು ಹಿಂದಕ್ಕೆ ಒಯ್ದು ಸರಿಯಾದ ಜಾಗದಲ್ಲಿ ಇಡಬೇಕು. ಇಡಲು ತಪ್ಪಿದರೆ ‘ಧಮರ್’ ಆಗುತ್ತದೆ, ‘ವರ್ಷ’ವು ‘ವಷರ್’ ಆಗುತ್ತದೆ, ‘ಕರ್ನಾಟಕ’ವೇ ‘ಕನಾರ್ಟಕ’ ಆಗುತ್ತದೆ. ಕಣ್ಣಿಗೆ ಬಿದ್ದರೆ ನಕ್ಕು ತಿದ್ದಬಹುದು. ಸಾವಿರ ಪುಟಗಳ ಪಠ್ಯದಲ್ಲಿ ‘ಕರ್ನಾಟಕ’ ಎಂದು ಹುಡುಕಿದವನಿಗೆ ‘ಕನಾರ್ಟಕ’ ಸಿಗುವುದಿಲ್ಲ, ಸಿಗಲಿಲ್ಲವೆಂಬುದೂ ತಿಳಿಯುವುದಿಲ್ಲ.

ಮಕಾರದ ಕಥೆ ಇನ್ನೂ ಸ್ವಾರಸ್ಯಕರ. ನುಡಿಯ ಹಳೆಯ ಸಂಕೇತದಲ್ಲಿ ಮಕಾರಕ್ಕೆ ಸ್ವತಂತ್ರ ಸ್ಥಾನವಿಲ್ಲ. ವಕಾರದ ಒಡಲು, ಅದಕ್ಕೊಂದು ತಲೆಕಟ್ಟು, ಪಕ್ಕದಲ್ಲೊಂದು ಕೊಂಬು ಇವು ಮೂರೂ ಸೇರಿದರೆ ‘ಮ’. ಕೊಂಬಿನ ಜಾತಿ ಬದಲಾದರೆ ಅದೇ ‘ವು’. ಯಕಾರವೂ ಹೀಗೆಯೇ ತುಂಡುಗಳಿಂದ ಕಟ್ಟಿದ್ದು. ಲಿಪಿಯ ರೂಪಸಾಮ್ಯವನ್ನು ಚೆನ್ನಾಗಿ ಬಲ್ಲವರು ಮಾಡಿದ ಜಾಣ್ಮೆಯ ಏರ್ಪಾಡು ಇದು, ಸಂದೇಹವಿಲ್ಲ. ಆದರೆ ಅಲ್ಲಿ ಒಂದು ತುಂಡು ತಪ್ಪಿದರೆ ವರ್ಣವೇ ಬದಲಾಗುತ್ತದೆ. ಇದರ ಜೊತೆಗೆ, ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ರೂಪ ಒಂದೇ ಆದುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಿದ ಬೆರಳಚ್ಚುಗಾರರ ಸಂಖ್ಯೆ ದೊಡ್ಡದು. ಮುದ್ರಣದಲ್ಲಿ ಎರಡೂ ಒಂದೇ ಆಗಿ ಕಂಡವು. ಅಕಾರಾದಿಯಾಗಿ ಜೋಡಿಸಲು ಹೊರಟಾಗ ಮಾತ್ರ ಪದಗಳು ಎಲ್ಲೆಲ್ಲೋ ಹೋಗಿ ನಿಲ್ಲುತ್ತವೆ.

ಲಿಪಿಸಾದೃಶ್ಯದಿಂದ ಹುಟ್ಟುವ ದೋಷ, ಅಕ್ಷರಪಲ್ಲಟ, ಅಕ್ಷರಲೋಪ ಇವು ಕನ್ನಡ ಎಂ.ಎ. ವಿದ್ಯಾರ್ಥಿಗೆ ಹೊಸವಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರು ಓಲೆಯ ಲಿಪಿಕಾರನ ಕೈತಪ್ಪುಗಳನ್ನು ಬಲ್ಲರು. ಪರಿವರ್ತಕ ತಂತ್ರಾಂಶವೂ ಒಬ್ಬ ಲಿಪಿಕಾರನೇ. ದಣಿವಿಲ್ಲದ, ಒಂದೇ ತಪ್ಪನ್ನು ಒಂದೇ ಬಗೆಯಲ್ಲಿ ಸಾವಿರ ಸಲ ಮಾಡುವ ಲಿಪಿಕಾರ. ಈ ಏಕರೂಪತೆಯಿಂದ ಸಂಪಾದಕನಿಗೆ ಅನುಕೂಲವೂ ಉಂಟು, ಯಾವ ಪ್ರತಿ ಯಾವ ಪರಿವರ್ತಕದಿಂದ ಬಂದದ್ದೆಂದು ದೋಷಗಳಿಂದಲೇ ಊಹಿಸಬಹುದು. ಹೀಗಿರುವಾಗ ಪರಿವರ್ತನೆಯನ್ನು ಗಣಕ ವಿಭಾಗದವರ ಕೆಲಸವೆಂದು ತಳ್ಳಿಹಾಕುವುದು ಎಷ್ಟು ಸರಿ? ದತ್ತಾಂಶವನ್ನು ಹೊರತೆಗೆಯುವುದು ಅವರ ಕೆಲಸ ಇರಬಹುದು. ತೆಗೆದದ್ದು ಕನ್ನಡವೇ ಎಂದು ನೋಡಿ ಹೇಳುವುದು ಕನ್ನಡ ವಿಭಾಗದ ಕೆಲಸ.

ಪ್ರತಿ ಮಾಡುವುದು ಈ ನಾಡಿಗೆ ಹೊಸ ಕಾಯಕವೇನಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅದನ್ನು ದಾನದ ಮಹಿಮೆಯಾಗಿ ಪಾಠ ಹೇಳುವವರು, ಓಲೆಗೆ ಆಯುಸ್ಸು ಇದೆಯೆಂಬ ಎಚ್ಚರವೂ ಅದರಲ್ಲಿತ್ತೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮೂಡಬಿದಿರೆಯ ಧವಳಾ ಟೀಕೆಯ ಉದಾಹರಣೆ ಇನ್ನೂ ಹತ್ತಿರದ್ದು. ಅಲ್ಲಿನ ಬಸದಿಯಲ್ಲಿ ಪ್ರಾಕೃತ ಭಾಷೆಯ ಆ ಗ್ರಂಥ ಹಳಗನ್ನಡ ಲಿಪಿಯ ಓಲೆಗಳಲ್ಲಿ ಶತಮಾನಗಳ ಕಾಲ ಭದ್ರವಾಗಿತ್ತು. ಗ್ರಂಥಕ್ಕೆ ಏನೂ ಆಗಿರಲಿಲ್ಲ, ಅದನ್ನು ಓದಬಲ್ಲ ಕಣ್ಣುಗಳು ಕಡಿಮೆಯಾಗಿದ್ದವು. ಓಲೆಯಿಂದ ನಾಗರಿಗೆ ಪ್ರತಿಯಾಗಿ ಮೊದಲ ಸಂಪುಟ ಅಚ್ಚಾಗುವ ಹೊತ್ತಿಗೆ 1939 ಬಂದಿತ್ತು. ಆದರೂ ಓಲೆ ಕಾದಿತು. ಯಾವ ಪರವಾನಗಿಯನ್ನೂ ಡಾಂಗಲನ್ನೂ ಅದು ಕೇಳಲಿಲ್ಲ. ಹಾರ್ಡ್ ಡಿಸ್ಕಿನಿಂದ ಅಷ್ಟು ದೀರ್ಘವಾದ ಸಹನೆಯನ್ನು ನಿರೀಕ್ಷಿಸಲಾಗದು.

ಕಾರ್ಯಾಚರಣೆ ವ್ಯವಸ್ಥೆಗಳು ಹಳತನ್ನು ಬಿಡುತ್ತ ಹೋದರೆ ಯುನಿಕೋಡ್‌ನ ನೀತಿ ಇದಕ್ಕೆ ಪೂರ್ತಿ ವಿರುದ್ಧವಾದುದು. ಒಂದು ಅಕ್ಷರಕ್ಕೆ ಒಮ್ಮೆ ಕೊಟ್ಟ ಸ್ಥಾನವನ್ನಾಗಲಿ ಹೆಸರನ್ನಾಗಲಿ ಅದು ಬದಲಿಸುವುದಿಲ್ಲ, ತಪ್ಪಿದ್ದರೂ ಬದಲಿಸುವುದಿಲ್ಲ. ಕನ್ನಡದ ‘ೞ’ ಇದಕ್ಕೆ ಒಳ್ಳೆಯ ನಿದರ್ಶನ. ಹಳಗನ್ನಡದ ಈ ಅಕ್ಷರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ದಾಖಲಾಗಿರುವ ಹೆಸರು ‘ಫ’ ಎಂಬ ಅರ್ಥ ಕೊಡುವಂಥದು. ಅದು ತಪ್ಪೆಂದು ಪಟ್ಟಿಯಲ್ಲಿಯೇ ಟಿಪ್ಪಣಿ ಇದೆ, ಆದರೆ ಹೆಸರು ಹಾಗೆಯೇ ಇದೆ. ಪಂಪನ ಕಾಲದ ಅಕ್ಷರವೊಂದು ಬೇರೊಬ್ಬನ ಹೆಸರು ಹೊತ್ತು ಕೂತಿರುವುದು ಮೊದಲಿಗೆ ಅಸಮಾಧಾನ ಹುಟ್ಟಿಸುತ್ತದೆ. ಈ ಹಟಮಾರಿತನದ ಬೆಲೆ ತಿಳಿಯುವುದು ಮೇಲೆ ಹೇಳಿದ ಅಡಕೆ ಪದಗಳಂಥ ಕಡತವನ್ನು ಕೈಗೆತ್ತಿಕೊಂಡಾಗ. ಹೆಸರು ತಪ್ಪಾದರೂ ಅಕ್ಷರ ಅದೇ ಮನೆಯಲ್ಲಿ ಸಿಗುತ್ತದೆ.

ಹಳೆಯ ಯಂತ್ರವನ್ನೇ ಹೊಸ ಯಂತ್ರದೊಳಗೆ ತಂತ್ರಾಂಶದ ರೂಪದಲ್ಲಿ ಕಟ್ಟಿಕೊಡುವ ದಾರಿಯೊಂದು ಉಂಟು. ಡಾಸ್‌ಬಾಕ್ಸ್, ಕ್ಯೂಎಮು ಮೊದಲಾದವು ಮುಕ್ತವಾಗಿ ದೊರೆಯುತ್ತವೆ, 16 ಬಿಟ್‌ನ ಲೋಕವನ್ನು ಸಾಕಷ್ಟು ನಂಬುಗೆಯಿಂದ ಮರಳಿ ನಿಲ್ಲಿಸುತ್ತವೆ. ಡಾಂಗಲ್ ಬೇಡುವ ತಂತ್ರಾಂಶಕ್ಕೆ ಮಾತ್ರ ಇವುಗಳಿಂದ ಸುಲಭ ಪರಿಹಾರವಿಲ್ಲ. ಬೀಗ ಒಡೆಯುವುದಕ್ಕೆ ಕಾನೂನು ಅಡ್ಡ, ತಯಾರಕರಲ್ಲಿ ಕೆಲವರಾದರೂ ಆ ತಂತ್ರಾಂಶವನ್ನು ಮರೆತೇ ಬಿಟ್ಟಿರುತ್ತಾರೆ. ಹಳೆಯ ಯಂತ್ರಗಳಲ್ಲಿ ಒಂದೆರಡನ್ನಾದರೂ ಸುಸ್ಥಿತಿಯಲ್ಲಿ ಇಟ್ಟುಕೊಂಡು ಸುತ್ತಲಿನ ಅಧ್ಯಾಪಕರ ಕಡತಗಳನ್ನು ತೆರೆದುಕೊಡುವ ವ್ಯವಸ್ಥೆ ವಿಶ್ವವಿದ್ಯಾಲಯಗಳಲ್ಲಿ ಇರಬೇಕಾದುದು ನ್ಯಾಯ. ಹಸ್ತಪ್ರತಿ ವಿಭಾಗಕ್ಕೆ ಓಲೆಗಳ ಜೊತೆ ಡಿಸ್ಕುಗಳೂ ಬರಬಾರದೆಂದು ಯಾವ ನಿಯಮವೂ ಇಲ್ಲ.

ಸಂಶೋಧನ ಪ್ರಬಂಧಗಳ ವಿಷಯ ಇನ್ನೂ ನೇರವಾದುದು. 2009ರ ಯುಜಿಸಿ ನಿಯಮಾವಳಿಯಿಂದ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದು ಕಡ್ಡಾಯವಾಯಿತು, ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಅವುಗಳ ಭಂಡಾರವಾಯಿತು. ಅಲ್ಲಿ ಕನ್ನಡ ಪ್ರಬಂಧಗಳೂ ಇವೆ. ಹಳೆಯ ಫಾಂಟುಗಳಿಂದ ಪಿಡಿಎಫ್ ಮಾಡಿದ ಪ್ರಬಂಧವನ್ನು ತೆರೆದರೆ ಕನ್ನಡ ಸೊಗಸಾಗಿಯೇ ಕಾಣುತ್ತದೆ, ಏಕೆಂದರೆ ಫಾಂಟು ಕಡತದೊಳಗೇ ಹುದುಗಿದೆ. ಆದರೆ ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಇಟ್ಟರೆ ಮತ್ತೆ ಅದೇ ರೋಮನ್ ಸಂತೆ. ಹೊಸ ಸಂಶೋಧಕ ತನ್ನ ವಿಷಯದ ಪದವನ್ನು ಹಾಕಿ ಹುಡುಕಿದರೆ ಅಂಥ ಪ್ರಬಂಧದ ಒಡಲು ಅವನಿಗೆ ಉತ್ತರ ಕೊಡುವುದಿಲ್ಲ. ಪುನರುಕ್ತಿಯ ಸಂಶೋಧನೆ ಹೆಚ್ಚುತ್ತಿದೆಯೆಂದು ವಿಚಾರ ಸಂಕಿರಣಗಳಲ್ಲಿ ಆಕ್ಷೇಪಿಸುವವರು ಈ ಕಾರಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಸ್ತಪ್ರತಿಯೊಂದನ್ನು ಸಂಪಾದಿಸುವವರು ಪೀಠಿಕೆಯಲ್ಲಿ ಓಲೆಯ ಉದ್ದಗಲ, ಗರಿಗಳ ಸಂಖ್ಯೆ, ಪ್ರತಿಕಾರನ ಹೆಸರು, ಎಲ್ಲಿ ತ್ರುಟಿತವಾಗಿದೆ ಎಂಬುದನ್ನೆಲ್ಲ ಬರೆಯುವ ಶಿಸ್ತನ್ನು ಪಾಲಿಸುತ್ತ ಬಂದಿದ್ದಾರೆ. ಹಳೆಯ ಡಿಸ್ಕಿನಿಂದ ಎತ್ತಿದ ಪಠ್ಯವನ್ನು ಪ್ರಕಟಿಸುವವರೂ ಮೂಲ ಕಡತ ಯಾವ ತಂತ್ರಾಂಶದ ಯಾವ ಆವೃತ್ತಿಯದು, ಫಾಂಟು ಯಾವುದು, ಪರಿವರ್ತಕ ಯಾವುದು, ಯಾವ ಗುರುತುಗಳು ಪರಿವರ್ತನೆಯಲ್ಲಿ ಲುಪ್ತವಾದವು, ಅವುಗಳಲ್ಲಿ ಎಷ್ಟನ್ನು ಮುದ್ರಿತ ಪ್ರತಿಯಿಂದ ತುಂಬಲಾಗಿದೆ, ಎಷ್ಟನ್ನು ನೆನಪಿನಿಂದ ತುಂಬಲಾಗಿದೆ ಎಂಬುದನ್ನು ಬರೆಯಬೇಕಾಗುತ್ತದೆ. ಮೂಲ ಕಡತವನ್ನೂ ಫಾಂಟನ್ನೂ ಪರಿವರ್ತಿತ ಪಠ್ಯದ ಜೊತೆಗೇ ಇಡಬೇಕಾಗುತ್ತದೆ. ಅಡಕೆ ಪದಗಳ ಆ ಸಂಗ್ರಹ ಎಂದಾದರೂ ಅಚ್ಚಾದರೆ ಅದರ ಪೀಠಿಕೆಗೆ ಕನಿಷ್ಠ ನಾಲ್ಕು ಪುಟ ಇಂಥ ವಿವರಗಳಿಗೇ ಬೇಕಾದೀತು.